ಅಪ್ಪನ ಸ್ಯಾಕ್ಸೊಫೋನಿಗೆ ಒಂದು ಜೊತೆ ಹುಡುಕಿದ್ದು

"ಸರ್, ಮಗನಿಗಾ ಮಗಳಿಗಾ?" ಅಂತ ಅಂಗಡಿಯ ಹುಡುಗ ಹಿಂದಿಯಲ್ಲಿ ನನ್ನ ಗಂಡನನ್ನು ಕೇಳಿದ. ಇವರು ನನ್ನ ಕಡೆ ಕೈ ತೋರಿಸಿದರು. ಹುಡುಗ ಒಂದು ಸಲ ನನ್ನ ಸೀರೆ ನೋಡಿದ, ಒಂದು ಸಲ ಗಾಜಿನ ಕಪಾಟಿನ ಸ್ಯಾಕ್ಸೊಫೋನ್ ನೋಡಿದ. ಆಮೇಲೆ ಸುಮ್ನೆ ಕೊಳಲು ಇಟ್ಟಿದ್ದ ಮೂಲೆಗೆ ನಡೆದ.

ನನಗೆ 52. ಬಂಟ್ವಾಳದ ಕಡೆಯವಳು. ಮದುವೆಯಾಗಿ 1996ರಲ್ಲಿ ಮುಂಬೈ ಪಕ್ಕದ ಡೊಂಬಿವಲಿಗೆ ಬಂದೆ. ಮುಂಬೈ ಫೋರ್ಟಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಅಪ್ಪ ದೇವಸ್ಥಾನದಲ್ಲಿ, ಮದುವೆ ಮನೆಗಳಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದರು. ಹನ್ನೊಂದನೇ ವರ್ಷಕ್ಕೆ ನನ್ನ ಕೈಗೂ ಕೊಟ್ಟರು. ಮದುವೆಯವರೆಗೆ ಊದಿದೆ. ಆಮೇಲೆ ಹತ್ತಿರ ಹತ್ತಿರ ಇಪ್ಪತ್ತೈದು ವರ್ಷ ಮುಟ್ಟಲಿಲ್ಲ. ಈಗ ಮತ್ತೆ ಹಿಡಿದಿದ್ದೇನೆ, ಕಳೆದ ವರ್ಷ ಎರಡನೇ ವಾದ್ಯವನ್ನೂ ಕೊಂಡಿದ್ದೇನೆ. ಬಿಟ್ಟು ಮತ್ತೆ ಹಿಡಿದವರು ಇನ್ಯಾರಾದರೂ ಇದ್ದರೆ ಉಪಯೋಗ ಆದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ಘಟ್ಟದ ಮೇಲಿನವರಿಗೆ ಒಂದು ಮಾತು ಹೇಳಬೇಕು. ನಿಮಗೆ ನಾಗಸ್ವರ ಹೇಗೋ ನಮ್ಮ ಕಡೆ ಸ್ಯಾಕ್ಸೊಫೋನ್ ಹಾಗೆ. ಡೋಲಿನ ಜೊತೆ ಸ್ಯಾಕ್ಸೊಫೋನ್ ಇಲ್ಲದೆ ಮದುವೆಯ ದಿಬ್ಬಣ ಹೊರಡುವುದಿಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಇದಕ್ಕೆ ಪೇಟೆಂಟ್ ಮಾಡಿಸಿದಾಗ ಅವನ ತಲೆಯಲ್ಲಿ ಇದ್ದದ್ದು ಮಿಲಿಟರಿ ಬ್ಯಾಂಡು. ನಮ್ಮ ಊರಿನ ತೇರು ಅವನಿಗೆ ಎಲ್ಲಿ ಗೊತ್ತಿರಬೇಕು! ಇದನ್ನು ಕರ್ನಾಟಕ ಸಂಗೀತದ ಕಚೇರಿಗೆ ತಂದು ಕೂರಿಸಿದ ಕದ್ರಿ ಗೋಪಾಲನಾಥರು ನಮ್ಮದೇ ತಾಲೂಕಿನ ಸಜೀಪಮೂಡದವರು. ಅವರ ತಂದೆ ನಾಗಸ್ವರ ನುಡಿಸುತ್ತಿದ್ದರು. ಇವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಅದಕ್ಕೆ ಮನಸೋತವರು. ಅವರು ತೀರಿಕೊಂಡದ್ದು 2019ರ ಅಕ್ಟೋಬರ್ 11. ಅವತ್ತು ಸಂಜೆ ನಾನು ಅಟ್ಟದ ಮೇಲಿಂದ ಅಪ್ಪನ ಪೆಟ್ಟಿಗೆ ಇಳಿಸಿದೆ. ಧೂಳು ಒರೆಸಿದೆ, ತೆರೆಯಲಿಲ್ಲ. ತೆರೆದದ್ದು ಮರು ವರ್ಷ ಲಾಕ್‌ಡೌನ್‌ನಲ್ಲಿ.

ಅಪ್ಪನದ್ದು ಮೀರತ್‌ನ ಆಲ್ಟೊ, ಅಂದರೆ ಮಧ್ಯಮ ಗಾತ್ರದ ಸ್ಯಾಕ್ಸೊಫೋನ್. ಮೀರತ್‌ನ ಜಾಲಿ ಕೋಠಿಯಲ್ಲಿ ಬ್ಯಾಂಡಿನ ವಾದ್ಯ ತಯಾರಿಸುವುದೇ ಕಸುಬು. ದೇಶದ ಅರ್ಧ ಮದುವೆ ಬ್ಯಾಂಡುಗಳ ಹಿತ್ತಾಳೆ ಅಲ್ಲಿಂದಲೇ ಬಂದಿರಬೇಕು. 1981ರಲ್ಲಿ ರೈಲ್ವೆ ಪಾರ್ಸಲ್‌ನಲ್ಲಿ ಮಂಗಳೂರಿಗೆ ಬಂದ ವಾದ್ಯ ಅದು. ಮೈಮೇಲೆ ಈಗ ಕಂಪನಿ ಹೆಸರೂ ಉಳಿದಿಲ್ಲ. ಎರಡು ಕಡೆ ಸ್ಪ್ರಿಂಗ್ ಬದಲು ರಬ್ಬರ್ ಬ್ಯಾಂಡ್. ತೂತು ಮುಚ್ಚುವ ಮೆತ್ತೆಗೆ ಪ್ಯಾಡ್ ಅನ್ನುತ್ತಾರೆ, ಅದರಲ್ಲಿ ಒಂದನ್ನು ಅಪ್ಪ ಸೈಕಲ್ ಟ್ಯೂಬಿನಿಂದ ಕತ್ತರಿಸಿ ಮೇಣದಲ್ಲಿ ಅಂಟಿಸಿದ್ದು.

ಅದರಲ್ಲೇ ಶುರು ಮಾಡಿದೆ. ಎರಡು ವರ್ಷ ಊದಿದೆ. ಮೇಲಿನ ಸ್ವರಗಳು ಹೇಗೋ ಬರುತ್ತಿದ್ದವು. ಕೆಳಗೆ ಇಳಿದರೆ ಗಂಟಲು ಕಟ್ಟಿದವರ ಹಾಗೆ ಗೊರ ಗೊರ. ವಯಸ್ಸಾಯಿತು, ದಮ್ಮು ಹೋಯಿತು, ಬೆರಳು ಗಟ್ಟಿಯಾಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಪ್ರಾಣಾಯಾಮದ ಕ್ಲಾಸಿಗೂ ಸೇರಿದೆ. ಮೂರು ತಿಂಗಳ ಫೀಸು ಕಟ್ಟಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಮಾಟುಂಗದ ಒಂದು ಮದುವೆಯಲ್ಲಿ ಸ್ಯಾಕ್ಸೊಫೋನ್ ನುಡಿಸಲು ಬಂದ ಹುಡುಗ ಬೈಕಲಾದ ಒಬ್ಬ ರಿಪೇರಿಯವರ ವಿಳಾಸ ಕೊಟ್ಟ. ಅಜ್ಜನಿಗೆ ಎಪ್ಪತ್ತು ದಾಟಿದೆ. ಮಂಗಳೂರು ಕಡೆಯ ಕೊಂಕಣಿಯವರು, ತುಳು ಕನ್ನಡ ಎರಡೂ ಬರುತ್ತದೆ. ನಮ್ಮೂರಿನಲ್ಲಿ ಕೊಂಕಣಿ ಕ್ರೈಸ್ತರನ್ನು ಗೌರವದಿಂದ ಕರೆಯುವ ರೂಢಿಯಲ್ಲಿ ನಾನು "ಪೊರ್ಬುಗಳೇ" ಅಂದದ್ದೇ ತಡ, ಮುಖ ಅರಳಿತು. ಹತ್ತು ಅಡಿ ಕೋಣೆ. ಗೋಡೆ ತುಂಬ ಕ್ಲಾರಿನೆಟ್, ಟ್ರಂಪೆಟ್, ಕಿವುಚಿದ ಯೂಫೋನಿಯಂ.

ಅಪ್ಪನ ವಾದ್ಯವನ್ನು ಅವರು ಊದಲೇ ಇಲ್ಲ. ನೆಕ್, ಅಂದರೆ ಮೇಲಿನ ಬಾಗಿದ ಕೊಳವೆ, ತೆಗೆದು ಪಕ್ಕಕ್ಕಿಟ್ಟರು. ಸಣ್ಣ ಬಲ್ಬುಗಳ ಒಂದು ಸರವನ್ನು ಕೊಳವೆಯೊಳಗೆ ಇಳಿಬಿಟ್ಟು ಕೋಣೆಯ ದೀಪ ಆರಿಸಿದರು. ಒಂದೊಂದೇ ಕೀ ಮೆಲ್ಲಗೆ ಮುಚ್ಚುತ್ತಾ ಹೋದರು. ಸರಿಯಾಗಿ ಮುಚ್ಚಿದರೆ ಕತ್ತಲು. ಆದರೆ ಪಾಶ್ಚಾತ್ಯ ಹೆಸರಿನಲ್ಲಿ ಜಿ ಶಾರ್ಪ್ ಅನ್ನುವ ಸ್ವರದ ಪ್ಯಾಡಿನ ಅಂಚಿನಲ್ಲಿ ಬಿದಿಗೆ ಚಂದ್ರನ ಹಾಗೆ ಸಣ್ಣ ಬೆಳಕಿನ ಗೆರೆ. ಎಫ್‌ನಲ್ಲಿ ಒಂದು ಗೆರೆ. ಕೆಳಗಿನ ಇ ಫ್ಲಾಟ್‌ನಲ್ಲಿ ಅರ್ಧ ಸುತ್ತು. ಸೈಕಲ್ ಟ್ಯೂಬಿನ ಪ್ಯಾಡ್ ಮಾತ್ರ ಕಪ್ಪಗೆ, ಒಂದು ಚೂರೂ ಬೆಳಕು ಬಿಡದೆ ಕೂತಿತ್ತು.

"ಹನ್ನೊಂದು ಕಡೆ ಸೋರ್ತದೆ ಮಾರಾಯ್ತಿ. ಇದರಲ್ಲಿ ಯಾರು ಊದಿದ್ರು ಇಷ್ಟು ದಿನ?"

"ನಾನೇ. ಅದಕ್ಕೆ ಮೊದಲು ಅಪ್ಪ."

"ಅವರ ಎದೆ ಎಂತದ್ದು!"

ನಾನು ಏನೂ ಹೇಳಲಿಲ್ಲ. ಎರಡು ವರ್ಷ ನನ್ನ ಎದೆಯನ್ನು ನಾನು ಬೈದದ್ದು ನೆನಪಾಯಿತು. ಸ್ಯಾಕ್ಸೊಫೋನಿನಲ್ಲಿ ಒಂದು ಸ್ವರ ಬರಬೇಕಾದರೆ ಅದರ ಮೇಲಿನ ತೂತುಗಳೆಲ್ಲ ಗಾಳಿ ಹೋಗದ ಹಾಗೆ ಮುಚ್ಚಿರಬೇಕು. ಮೇಲೆ ಒಂದು ಸೋರಿದರೆ ಅದರ ಕೆಳಗಿನ ಅಷ್ಟೂ ಸ್ವರಗಳಿಗೆ ಪೆಟ್ಟು. ಕೆಳಗೆ ಇಳಿದಷ್ಟೂ ಕಷ್ಟ ಜಾಸ್ತಿ ಆಗುವುದು ಇದಕ್ಕೇ. ನಾನು ವಯಸ್ಸು ಅಂದುಕೊಂಡದ್ದು ಪ್ಯಾಡು.

ಎಲ್ಲ ಪ್ಯಾಡು ಹೊಸದು ಹಾಕಿದರೆ ಸರಿ ಹೋಗುತ್ತದಾ ಅಂತ ಕೇಳಿದೆ. "ಸೋರುವುದು ನಿಲ್ತದೆ" ಅಂದರು. "ಆದರೆ ತೂತನ್ನು ಸರಿಸ್ಲಿಕ್ಕೆ ಆಗ್ತದಾ? ಇದರ ತೂತು ಇರುವ ಜಾಗವೇ ಸ್ವಲ್ಪ ಆಚೆ ಈಚೆ. ಶ್ರುತಿಯನ್ನು ತುಟಿಯಲ್ಲೇ ಎಳೆದು ಕೂರಿಸ್ಬೇಕು."

ಎರಡನೇ ವಾದ್ಯದ ಯೋಚನೆ ಬಂದದ್ದು ಆಗ. ಮರಳಿ ಬಂದವರಿಗೆ ಮಧುರ ಸ್ವರ, ಒಳ್ಳೆ ಬ್ರ್ಯಾಂಡ್ ಎಲ್ಲ ಆಮೇಲಿನ ಮಾತು. ಒಂದು ಸ್ವರ ಕೆಟ್ಟರೆ ಕೆಡಿಸಿದ್ದು ನಾನಾ ಅದಾ ಅಂತ ಮೊದಲು ಗೊತ್ತಾಗಬೇಕು. ಅಷ್ಟು ಹೇಳುವ ವಾದ್ಯ ಸಿಕ್ಕರೆ ನನಗೆ ಸಾಕಿತ್ತು.

ಧೋಬಿ ತಲಾವ್‌ನಿಂದ ಶುರು ಮಾಡಿದೆ. ಮೆಟ್ರೊ ಸಿನಿಮಾದ ಸುತ್ತ ಹಳೇ ಕಾಲದಿಂದಲೂ ವಾದ್ಯದ ಅಂಗಡಿಗಳಿವೆ. ಗೋವಾದಿಂದ ಕೆಲಸಕ್ಕೆ ಬಂದವರು, ಅವರಲ್ಲಿ ವಾದ್ಯಗಾರರೂ, ಉಳಿದುಕೊಳ್ಳುತ್ತಿದ್ದ ಕೂಡ್‌ಗಳು ಇರುವುದೂ ಆ ಗಲ್ಲಿಗಳಲ್ಲೇ. ಮೊದಲು ಹೇಳಿದ ಹುಡುಗನ ಅಂಗಡಿಯನ್ನು ಬಿಟ್ಟು ಇನ್ನೊಂದಕ್ಕೆ ಹೋದೆವು. ಅಲ್ಲಿ ಕೂತಿದ್ದ ಹುಡುಗಿ ಏನೂ ಕೇಳದೆ ಯಮಾಹಾದ ವೈಎಎಸ್-280 ತೆಗೆದು ನನ್ನ ಕೊರಳಿಗೆ ಪಟ್ಟಿ ಹಾಕಿದಳು.

280 ಅಂದರೆ ಕಲಿಯುವವರ ಮಾದರಿ. ಆದರೆ ಕಳಪೆ ಅಂತ ಅಲ್ಲ. ಕೈಗೆ ತಗೊಂಡ ತಕ್ಷಣ ನನಗೆ ನಗು ಬಂತು. ಕೀಗಳು ಬೆಣ್ಣೆಯ ಹಾಗೆ. ನನ್ನ ಕೈ ಸಣ್ಣದು. ಎಡಗೈ ಕಿರುಬೆರಳಿನಲ್ಲಿ ಒತ್ತುವ ನಾಲ್ಕು ಕೀಗಳ ಗುಂಪು ಒಂದಿದೆ, ಜಿ ಶಾರ್ಪ್, ಸಿ ಶಾರ್ಪ್, ಬಿ, ಬಿ ಫ್ಲಾಟ್. ಅಪ್ಪನದ್ದರಲ್ಲಿ ಬಿ ಫ್ಲಾಟ್ ಮುಟ್ಟಬೇಕಾದರೆ ನಾನು ಇಡೀ ಅಂಗೈಯನ್ನೇ ಸರಿಸಬೇಕು. ಇದರಲ್ಲಿ ಬೆರಳು ಜಾರಿಸಿದರೆ ಸಾಕು. ಬಲಗೈ ಹೆಬ್ಬೆರಳಿನ ಕೊಕ್ಕೆಯನ್ನು ನಮ್ಮ ಕೈಗೆ ತಕ್ಕ ಹಾಗೆ ಮೇಲೆ ಕೆಳಗೆ ಮಾಡಬಹುದು. ಹೆಂಗಸರು, ಸಣ್ಣ ಕೈಯವರು ಮೊದಲು ಇದನ್ನೇ ನೋಡಿ. ಸ್ವರ ಎಷ್ಟೇ ಚೆನ್ನಾಗಿರಲಿ, ಹೆಬ್ಬೆರಳು ನೋಯುತ್ತಿದ್ದರೆ ಆರು ತಿಂಗಳಲ್ಲಿ ಪೆಟ್ಟಿಗೆ ಅಟ್ಟಕ್ಕೆ ಹೋಗುತ್ತದೆ.

ಸ್ವರ ಶುದ್ಧ, ನೇರ. ಟ್ಯೂನರ್ ಆ್ಯಪ್ ಇಟ್ಟು ನೋಡಿದರೆ ಮುಳ್ಳು ಅಲುಗಾಡುವುದೇ ಇಲ್ಲ ಅನ್ನುವಷ್ಟು ಸರಿ. ನನಗೆ ಅನಿಸಿದ ಕೊರತೆ ಒಂದೇ, ತೀರಾ ಇಸ್ತ್ರಿ ಮಾಡಿದ ಅಂಗಿಯ ಹಾಗಿದೆ. ಸ್ವಲ್ಪ ಮಡಿಕೆ ಬೇಕಿತ್ತು. ಅರ್ಧ ತಪ್ಪು ಜೊತೆಗೆ ಬರುವ 4ಸಿ ಮೌತ್‌ಪೀಸಿನದ್ದು, ಅಂದರೆ ಬಾಯಲ್ಲಿಟ್ಟು ಊದುವ ತುದಿಯದ್ದು, ಅಂತ ಆಮೇಲೆ ತಿಳಿಯಿತು. ಬೆಲೆ ನನಗೆ ಹೇಳಿದ್ದು ಒಂದು ಲಕ್ಷದ ಹತ್ತು ಸಾವಿರ ಚಿಲ್ಲರೆ. ಆ ಚಿಲ್ಲರೆ ಕೇಳಿ ಇವರು ಎದ್ದು ಹೊರಗೆ ಹೋಗಿ ನಿಂತರು. ಇಬ್ಬರೂ ಕಯಾನಿಗೆ ಹೋಗಿ ಬನ್ ಮಸ್ಕಾ ತಿಂದೆವು. 1904ರಿಂದ ಇರುವ ಇರಾನಿ ಅಂಗಡಿ, ಚಹಾ ಕುಡಿಯುತ್ತಾ ಲಕ್ಷದ ಲೆಕ್ಕ ಹಾಕಲಿಕ್ಕೆ ಒಳ್ಳೆ ಜಾಗ.

ಅಗ್ಗದ್ದನ್ನೂ ನೋಡಿದೆ. ಇನ್ನೊಂದು ಅಂಗಡಿಯಲ್ಲಿ ಚೀನಾದ ಒಂದು ಆಲ್ಟೊ, 38 ಸಾವಿರ. ಬಂಗಾರದ ಅಂಗಡಿಯಲ್ಲಿ ಇಟ್ಟರೂ ಒಪ್ಪುವಷ್ಟು ಹೊಳಪು. ಅಲ್ಲೇ ಊದಿದರೆ ಪರವಾಗಿಲ್ಲ ಅನಿಸಿತು. ಆದರೆ ಒಂದು ಕೀ ಕವಚವನ್ನು ಬೆರಳಿನಲ್ಲಿ ಮೆಲ್ಲಗೆ ಪಕ್ಕಕ್ಕೆ ತಳ್ಳಿದೆ, ಅದು ಹಾಗೇ ಬಾಗಿತು. ಮೆತ್ತನೆಯ ಲೋಹ. ಇವತ್ತು ಸರಿ ಇರುವುದು ಆರು ತಿಂಗಳಲ್ಲಿ ಸೋರುತ್ತದೆ, ಮತ್ತೆ ನಾನು ನನ್ನ ಎದೆಯನ್ನೇ ಬೈಯಬೇಕು. ಚೀನಾದ್ದು ಎಲ್ಲವೂ ಹೀಗೇ ಅಂತ ನಾನು ಹೇಳುವುದಿಲ್ಲ. ನಾನು ಹಿಡಿದದ್ದು ಹಾಗಿತ್ತು. ಅಲ್ಲಿ ನನ್ನ ಸ್ವಂತ ಮೌತ್‌ಪೀಸ್ ಹಾಕಿ ನೋಡಲು ಬಿಡಲಿಲ್ಲ ಅನ್ನುವುದು ಬೇರೆ. ಅಂಥ ಕಡೆ ಜಾಸ್ತಿ ಹೊತ್ತು ನಿಲ್ಲಬೇಡಿ. ಮೌತ್‌ಪೀಸ್ ಬದಲಾದರೆ ವಾದ್ಯವೇ ಬದಲಾದ ಹಾಗೆ. ನಮ್ಮದನ್ನೇ ಎಲ್ಲದಕ್ಕೂ ಹಾಕಿ ಊದಿದರೆ ಮಾತ್ರ ಹೋಲಿಸಲಿಕ್ಕೆ ಆಗುವುದು.

ಇನ್ನು ಟೆನರ್, ಆಲ್ಟೊಗಿಂತ ದೊಡ್ಡದು, ಸ್ವರ ಇನ್ನೂ ಕೆಳಗಿನದು. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಎರಡನೇ ಸ್ಯಾಕ್ಸೊಫೋನ್ ಅಂದ ತಕ್ಷಣ ಎಲ್ಲರೂ ಹೇಳುವುದು ಅದನ್ನೇ. "ಆಲ್ಟೊ ಇದೆಯಲ್ಲ, ಟೆನರ್ ತಗೊಳ್ಳಿ." ಬೆರಳು ಎರಡಕ್ಕೂ ಒಂದೇ. ಅದೇ ಸಿ ಒತ್ತಿದರೆ ಆಲ್ಟೊದಲ್ಲಿ ಕೇಳುವುದು ಇ ಫ್ಲಾಟ್, ಟೆನರ್‌ನಲ್ಲಿ ಬಿ ಫ್ಲಾಟ್. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಒಂದು ಕಪ್ಪು ಎರಡು, ಅಂದರೆ ಎರಡನೇ ಕಪ್ಪು ಮನೆ, ಇನ್ನೊಂದು ಕಪ್ಪು ಐದು. ನಮ್ಮ ಶನಿವಾರದ ಭಜನೆಯಲ್ಲಿ ಹೆಂಗಸರೇ ಜಾಸ್ತಿ, ಶ್ರುತಿ ಕಪ್ಪು ಐದು. ಹಾಗಾದರೆ ಟೆನರ್ ಸರಿ ಅಲ್ವಾ ಅಂತ ನಾನೂ ಅಂದುಕೊಂಡೆ.

ಮನೆಗೆ ಬಂದು ಕಾಗದದ ಮೇಲೆ ಬರೆದು ನೋಡಿದೆ. ಆಲ್ಟೊದಲ್ಲಿ ಎಡಗೈಯ ಮೂರು ಬೆರಳು ಇಟ್ಟರೆ ಜಿ. ಅದನ್ನೇ ಷಡ್ಜ ಮಾಡಿಕೊಂಡರೆ ಕೇಳುವುದು ಬಿ ಫ್ಲಾಟ್, ಅದೇ ಕಪ್ಪು ಐದು. ಅಷ್ಟೇ ಅಲ್ಲ, ಕೆಳಗಿನ ಸಿಯನ್ನು ಷಡ್ಜ ಮಾಡಿದರೆ ಕೆಳಗೆ ನಿಷಾದಕ್ಕೇ ವಾದ್ಯ ಮುಗಿಯುತ್ತದೆ. ಜಿಯಿಂದ ಹೊರಟರೆ ಮಂದ್ರದ ಪಂಚಮ ದಾಟಿ ಗಾಂಧಾರದವರೆಗೆ ಇಳಿಯಬಹುದು, ಮೇಲೆ ಹತ್ತಿರ ಹತ್ತಿರ ಎರಡು ಸ್ಥಾಯಿ. ಒಂದು ದೇವರನಾಮಕ್ಕೆ ಇನ್ನೆಷ್ಟು ಬೇಕು? ಟೆನರ್ ಬೇಕು ಅನ್ನುವ ನೆಪ ಅಲ್ಲಿಗೆ ಬಿತ್ತು.

ಆದರೂ ಆಸೆ ಬಿಡುತ್ತದಾ? ಒಂದು ಟೆನರ್ ಊದಿ ನೋಡಿದೆ. ಅಯ್ಯೋ, ಎಂಥ ಸ್ವರ! ಊಟ ಮಾಡಿ ಜಗಲಿಯಲ್ಲಿ ಕೂತ ದೊಡ್ಡಪ್ಪನ ಮಾತಿನ ಹಾಗೆ, ಗಡಸು, ಆದರೆ ಬೆಚ್ಚಗೆ. ಹತ್ತು ನಿಮಿಷ ಆದ ಮೇಲೆ ಕತ್ತು ಹಿಡಿಯಿತು. ಆಲ್ಟೊ ಎರಡೂವರೆ ಕೆಜಿ, ಟೆನರ್ ಮೂರೂವರೆ ಹತ್ತಿರ. ಒಂದು ಕೆಜಿ ಕೇಳಲಿಕ್ಕೆ ಸಣ್ಣದು. ಕೊರಳಿಗೆ ನೇತು ಹಾಕಿಕೊಂಡವರಿಗೆ ಗೊತ್ತು. ಅದರ ಪೆಟ್ಟಿಗೆ ಹಿಡಿದು 6.12ರ ಲೋಕಲ್‌ನ ಹೆಂಗಸರ ಡಬ್ಬಿಗೆ ಹತ್ತುವುದನ್ನು ಊಹಿಸಿಕೊಂಡೆ. ಆಲ್ಟೊ ಪೆಟ್ಟಿಗೆ ಕಂಡೇ ಒಬ್ಬಳು "ಹೇ ಕಾಯ್ ಆಹೇ, ಶಿಲಾಯಿ ಮಶೀನ್?" ಇದೇನು, ಹೊಲಿಗೆ ಮಶೀನಾ ಅಂತ ಮರಾಠಿಯಲ್ಲಿ ಕೇಳಿದ್ದಳು.

ಆಲ್ಟೊಗಿಂತ ಸಣ್ಣದಾದ ಸೊಪ್ರಾನೊ ಒಂದು ಸಲ ಊದಿದೆ. ನಾಗಸ್ವರದ ತಮ್ಮನ ಹಾಗಿದೆ. ಶ್ರುತಿಯಲ್ಲಿ ನಿಲ್ಲಿಸುವುದು ನನ್ನಂಥವರ ಕೈಲಾಗುವ ಕೆಲಸ ಅಲ್ಲ. ವಾಪಸ್ ಕೊಟ್ಟೆ.

ಕೊನೆಗೆ ನನಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್, ಯಮಾಹಾ ವೈಎಎಸ್-62. ಪೊರ್ಬುಗಳೇ ಸುದ್ದಿ ಕೊಟ್ಟದ್ದು. ವಸಾಯಿಯಲ್ಲಿ ಬ್ಯಾಂಡ್‌ನಲ್ಲಿದ್ದ ಒಬ್ಬರು ತೀರಿಕೊಂಡು, ಮಗ ಮಾರುತ್ತಿದ್ದಾನೆ ಅಂತ. ಡೊಂಬಿವಲಿಯಿಂದ ಕೋಪರ್‌ಗೆ ಹೋಗಿ ದಿವಾ-ವಸಾಯಿ ಗಾಡಿ ಹಿಡಿದೆವು. ಈ ಸಲ ಮಗಳು ಜೊತೆಗೆ ಬಂದಳು. ಗಂಡ ಬರಲಿಲ್ಲ, ಚಿಲ್ಲರೆಯ ಭಯ.

62 ಅಂದರೆ ಯಮಾಹಾದಲ್ಲಿ ವೃತ್ತಿಯವರ ಮಾದರಿ. 1970ರ ದಶಕದ ಕೊನೆಯಿಂದ ಇದೆ. ಮೊದಲ ತಲೆಮಾರಿನವುಗಳ ಬೆಲ್, ಅಂದರೆ ಅಗಲ ಬಾಯಿಯ ಮೇಲೆ ನೇರಳೆ ಬಣ್ಣದ ಗುರುತು ಇರುತ್ತದೆ, ಗೊತ್ತಿದ್ದವರು ಅದನ್ನೇ ಹುಡುಕುತ್ತಾರೆ. ಇದು ಅಂಥದ್ದು. ಬೆಲ್ ಮೇಲೆ ಹೂಬಳ್ಳಿಯ ಕೆತ್ತನೆ. ಅಂಗೈ ತಾಗುವ ಕಡೆಯೆಲ್ಲ ಲ್ಯಾಕರ್ ಅನ್ನುವ ಹೊಳಪಿನ ಲೇಪ ಹೋಗಿ ಹಿತ್ತಾಳೆ ಕಂದು ಬಣ್ಣಕ್ಕೆ ತಿರುಗಿದೆ. ಲ್ಯಾಕರ್ ಹೋದದ್ದಕ್ಕೆ ಹೆದರಬೇಡಿ. ಬೆಲೆ ಇಳಿಸಲಿಕ್ಕೆ ಅದು ಒಳ್ಳೆಯದೇ. ಹಳೇದು ಫಳಫಳ ಹೊಳೆಯುತ್ತಿದ್ದರೆ ಆಗ ಹೆದರಿ. ಮೇಲೆ ಉಜ್ಜಿ ಹೊಸ ಲ್ಯಾಕರ್ ಬಳಿದಿರುತ್ತಾರೆ, ಕೆತ್ತನೆಯ ಗೆರೆಗಳು ಸವೆದಿರುತ್ತವೆ.

ಪೊರ್ಬುಗಳು ಏನೇನು ನೋಡಬೇಕು ಅಂತ ಒಂದು ಚೀಟಿಯ ಹಿಂದೆ ಬರೆದು ಕೊಟ್ಟಿದ್ದರು. ಮೊದಲು ನೆಕ್. ಅದನ್ನು ಪಕ್ಕದಿಂದ ನೋಡಬೇಕು. ಮೌತ್‌ಪೀಸ್ ಹಾಕುವಾಗ ಒರಟಾಗಿ ಒತ್ತಿ ಒತ್ತಿ ನೆಕ್ ಕೆಳಗೆ ಬಾಗಿರುತ್ತದೆ, ಆಗ ಬಾಗಿದ ಕಡೆ ಕೊಳವೆ ದುಂಡಗೆ ಇರದೆ ಚಪ್ಪಟೆ ಆಗಿರುತ್ತದೆ. ಬೆರಳು ಸವರಿದರೆ ಗೊತ್ತಾಗುತ್ತದೆ. ಆಮೇಲೆ ಬೆಲ್ ಅನ್ನು ಮೈಗೆ ಜೋಡಿಸುವ ಪಟ್ಟಿ. ಅಲ್ಲಿ ಬೆಸುಗೆಯ ಗಂಟು ಕಂಡರೆ ವಾದ್ಯ ಒಮ್ಮೆ ಬಿದ್ದಿದೆ ಅಂತ ಅರ್ಥ. ಉದ್ದದ ಸಲಾಕೆಗಳನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಬೇಕು. ಕಟಕಟ ಅಂದರೆ ಒಳಗೆ ಸವೆದಿದೆ. ಪ್ಯಾಡ್ ಹರಿದಿದ್ದರೆ ಚಿಂತೆ ಇಲ್ಲ, ಬದಲಾಯಿಸಬಹುದು. ಹಿತ್ತಾಳೆಯ ಮೇಲೆ ಗುಲಾಬಿ ಬಣ್ಣದ ಚುಕ್ಕೆ ಇದೆಯಾ ನೋಡಬೇಕು, ಸತು ಕರಗಿ ಹೋಗಿ ತಾಮ್ರ ಮಾತ್ರ ಉಳಿದ ಜಾಗ ಅದು. ನೆಕ್ ಒಳಗೆ ಎಂಜಲು ನಿಂತು ನಿಂತು ಮೊದಲು ಅಲ್ಲೇ ಬರುತ್ತದೆ.

ಚೀಟಿಯ ಕೊನೆಯಲ್ಲಿ ಒಂದೇ ಸಾಲು. "ಕೆಳಗಿನ ಬಿ ಫ್ಲಾಟ್ ಮೆಲ್ಲಗೆ ಊದು." ಜೋರಾಗಿ ಯಾರು ಬೇಕಾದರೂ ಊದಬಹುದು, ಸೋರುವುದನ್ನು ಗಾಳಿಯಿಂದ ಮುಚ್ಚಿಬಿಡಬಹುದು. ಮಗುವಿಗೆ ಜೋಗುಳ ಹಾಡುವಷ್ಟು ಮೆಲ್ಲಗೆ ಬಿ ಫ್ಲಾಟ್ ಬಂದರೆ ಮಾತ್ರ ವಾದ್ಯ ಸರಿ ಇದೆ.

ಅದು ಮೆಲ್ಲಗೆ ಬರಲಿಲ್ಲ. ಆದರೆ ನಡುಗುತ್ತಾ ಬಂತು. ಮಗಳನ್ನು ಪಕ್ಕದ ಕೋಣೆಗೆ ಕಳಿಸಿ ಬಾಗಿಲು ಹಾಕಿಸಿದೆ. ನುಡಿಸುವವರ ಕಿವಿಗೆ ತಲೆಬುರುಡೆಯ ಮೂಲಕವೂ ಸ್ವರ ಬರುತ್ತದೆ, ದೂರ ಇರುವವರ ಕಿವಿಯೇ ಬೇಕು. ಅಂಗಡಿಯ ಗಾಜಿನ ಕೋಣೆಯಲ್ಲಿ ಎಲ್ಲವೂ ಚಂದ ಕೇಳುತ್ತದೆ. ಈ ಮನೆಯಲ್ಲಿ ಪರದೆ, ಹಾಸಿಗೆ, ಬಟ್ಟೆ ತುಂಬಿದ ಬೀರು. ಮೋಹನ ರಾಗದಲ್ಲಿ ಒಂದು ಸುತ್ತು ಹೋಗಿ ಬಂದೆ. ಬಾಗಿಲು ತೆರೆದು ಮಗಳು ಹೇಳಿದ್ದು, "ಅಜ್ಜನದ್ದು ಜೋರು. ಇದು ಮಾತಾಡಿದ ಹಾಗೆ ಕೇಳ್ತದೆ."

ಮಾರುವವನು 85 ಸಾವಿರ ಹೇಳಿದ. 78ಕ್ಕೆ ಮುಗಿಯಿತು. ಪೊರ್ಬುಗಳು ಒಂಬತ್ತು ಪ್ಯಾಡ್ ಬದಲಾಯಿಸಿ, ನೆಕ್‌ನ ಬಿರಡೆ ಹೊಸದು ಹಾಕಿ, ಎರಡು ಸ್ಪ್ರಿಂಗ್ ಸರಿ ಮಾಡಿ 11 ಸಾವಿರ ತೆಗೆದುಕೊಂಡರು. ಒಟ್ಟು 89. ಹೊಸ 280ಕ್ಕಿಂತ ಇಪ್ಪತ್ತು ಸಾವಿರ ಕಡಿಮೆ. ಆದರೆ ಒಂದು ಮಾತು. ಹತ್ತಿರದಲ್ಲಿ ನಂಬಿಕೆಯ ರಿಪೇರಿಯವರು ಇಲ್ಲದ ಊರಲ್ಲಿ ನೀವಿದ್ದರೆ ಸುಮ್ನೆ ಹೊಸ 280 ತಗೊಳ್ಳಿ. ಹಳೇ 62 ತಗೊಂಡು ಕೊರಿಯರ್‌ನಲ್ಲಿ ರಿಪೇರಿಗೆ ಕಳಿಸುವುದು ಬೇಡವೇ ಬೇಡ.

ಮನೆಗೆ ತಂದ ಮೊದಲ ತಿಂಗಳ ಕಥೆ ಯಾರೂ ನನಗೆ ಮೊದಲು ಹೇಳಿರಲಿಲ್ಲ. ಹೊಸ ವಾದ್ಯದಲ್ಲಿ ನಾನು ಇನ್ನೂ ಕೆಟ್ಟದಾಗಿ ಊದಿದೆ. ಮೇಲಿನ ಸ್ವರಗಳೆಲ್ಲ ಶ್ರುತಿ ಏರಿ ಚೀರುತ್ತಿದ್ದವು. ಮತ್ತೆ ಬೈಕಲಾಕ್ಕೆ ಹೊತ್ತುಕೊಂಡು ಹೋದೆ. ಪೊರ್ಬುಗಳು ಬಲ್ಬಿನ ಸರ ಇಳಿಸಿದರು. ಎಲ್ಲ ಕತ್ತಲು. ದೀಪ ಹಾಕಿ ನನ್ನ ಕಡೆ ನೋಡಿದರು.

"ಕೈ ತೋರ್ಸು."

ಬೆರಳ ತುದಿಯಲ್ಲಿ ಕೀ ಒತ್ತಿದ ದುಂಡು ಗುರುತುಗಳು, ಬೆಳ್ಳಗೆ, ಆಳಕ್ಕೆ.

"ಇಷ್ಟು ಯಾಕೆ ಹಿಂಡ್ತಿ? ಅದು ಮುಚ್ಚಿಯೇ ಇದೆ."

ಹೌದು. ಸೋರುವ ವಾದ್ಯದಲ್ಲಿ ಕಲಿತ ಕೈ ಹಿಂಡುತ್ತದೆ, ಕಲಿತ ಹಲ್ಲು ಕಚ್ಚುತ್ತದೆ. ಅಪ್ಪ ಹಾಗೇ ಊದುತ್ತಿದ್ದರು, ನಾನು ಹಾಗೇ ಕಲಿತೆ. ಅಪ್ಪನದ್ದರಲ್ಲಿ ಅದು ವಿದ್ಯೆ. ಇದರಲ್ಲಿ ದೋಷ. ರೀಡನ್ನು, ಅಂದರೆ ಮೌತ್‌ಪೀಸಿಗೆ ಕಟ್ಟುವ ಜೊಂಡಿನ ತೆಳು ಪಟ್ಟಿಯನ್ನು, ಕಚ್ಚಿದಷ್ಟು ಶ್ರುತಿ ಏರುತ್ತದೆ. ಹಾಗಾಗಿ ಒಂದು ತಿಂಗಳು ಬರೀ ಷಡ್ಜ, ಪಂಚಮ, ಮೇಲಿನ ಷಡ್ಜ. ಕನ್ನಡಿ ಎದುರು ನಿಂತು ದವಡೆ ಸಡಿಲ ಬಿಡುವುದು. ಈ ಸಲ ತಪ್ಪು ನನ್ನದು ಅಂತ ಗೊತ್ತಿತ್ತು, ಬೇಜಾರಾಗಲಿಲ್ಲ. 89 ಸಾವಿರ ಕೊಟ್ಟದ್ದು ಇದಕ್ಕೇ ಅಲ್ವಾ?

ಗಮಕದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ನಾಗಸ್ವರದಲ್ಲಿ, ಕೊಳಲಲ್ಲಿ ತೂತನ್ನು ಬೆರಳಿನಿಂದ ಅರ್ಧ ತೆರೆದು ಸ್ವರ ಜಾರಿಸಬಹುದು. ಇಲ್ಲಿ ಬೆರಳಿಗೂ ತೂತಿಗೂ ನಡುವೆ ಕೀ ಇದೆ, ಪ್ಯಾಡ್ ಇದೆ. ಅರ್ಧದ ಕೆಲಸವನ್ನು ತುಟಿ, ದವಡೆ, ಗಂಟಲೇ ಮಾಡಬೇಕು, ಕೀಯನ್ನು ನಿಧಾನ ಬಿಟ್ಟು ಸ್ವಲ್ಪ ಸಹಾಯ ಮಾಡಬಹುದು. ಇದಕ್ಕೆ 4ಸಿ ಸ್ವಲ್ಪ ಬಿಗಿ. ನಾನು ಮೇಯರ್ 5 ಮೌತ್‌ಪೀಸ್ ಹಾಕಿದ್ದೇನೆ, ಬಾಯಿ ಸ್ವಲ್ಪ ಅಗಲ, ಸ್ವರ ಬಾಗುತ್ತದೆ. ರೀಡ್ ವ್ಯಾಂಡೋರೆನ್ ನೀಲಿ ಪೆಟ್ಟಿಗೆಯ ಎರಡೂವರೆ, ಅಂಕಿ ಹೆಚ್ಚಾದಷ್ಟು ರೀಡ್ ಗಟ್ಟಿ. ಹುಡುಗಿಯಾಗಿದ್ದಾಗ ಮೂರು ಊದುತ್ತಿದ್ದೆ, ಹಾಗಾಗಿ ಜಂಬದಲ್ಲಿ ಮೊದಲು ಮೂರೇ ತಂದೆ. ಹತ್ತರಲ್ಲಿ ಎಂಟು ಇನ್ನೂ ಡ್ರಾಯರ್‌ನಲ್ಲಿವೆ. ಯಾರಿಗಾದರೂ ಬೇಕಿದ್ದರೆ ಹೇಳಿ.

ಮಳೆಗಾಲದಲ್ಲಿ ಜಿ ಶಾರ್ಪ್ ಅಂಟುತ್ತದೆ. ಅದು ಎಲ್ಲ ಸ್ಯಾಕ್ಸೊಫೋನಿನ ಜಾತಿ ಗುಣ. ಆ ಪ್ಯಾಡ್ ಯಾವಾಗಲೂ ಮುಚ್ಚಿಯೇ ಇರುತ್ತದೆ, ತೆರೆಯುವ ಸ್ಪ್ರಿಂಗ್ ಮೆತ್ತಗೆ. ಮುಂಬೈ ಜುಲೈಯಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ, ಪ್ಯಾಡಿನ ಚರ್ಮದ ಕಥೆ ಏನು! ಊದಿ ಮುಗಿದ ಮೇಲೆ ಒಳಗೆ ಬಟ್ಟೆ ಎಳೆಯುತ್ತೇನೆ, ಆ ಪ್ಯಾಡಿನ ಕೆಳಗೆ ತೆಳು ಕಾಗದ ಇಟ್ಟು ಒತ್ತಿ ತೇವ ಹೀರಿಸುತ್ತೇನೆ. ಪೌಡರ್ ಹಾಕುವವರಿದ್ದಾರೆ. ಹಾಕಬೇಡಿ, ಹಿಟ್ಟಾಗಿ ಕೂರುತ್ತದೆ.

ಊದುವುದು ಎಲ್ಲಿ? ನಮ್ಮದು ಎರಡನೇ ಮಾಳಿಗೆ, ಗೋಡೆ ಅಂದರೆ ಬಿಸ್ಕತ್ತು. ಬೆಡ್‌ರೂಮಿನ ಬೀರುವಿನ ಬಾಗಿಲು ತೆರೆದು ಸೀರೆಗಳಿಗೆ ಮುಖ ಮಾಡಿ ಊದುತ್ತೇನೆ, ಸಂಜೆ 7ರಿಂದ 7.40. ಸೊಸೈಟಿ ಸೆಕ್ರೆಟರಿ ಒಂದು ಸಲ ಬಂದರು. ದೂರಿಗೆ ಅಂತ ಅಂದುಕೊಂಡರೆ, ಗಣಪತಿ ವಿಸರ್ಜನೆಗೆ ಬರುತ್ತೀರಾ ಅಂತ ಕೇಳಿದರು. ಇನ್ನೂ ಉತ್ತರ ಕೊಟ್ಟಿಲ್ಲ.

ಅಪ್ಪನದ್ದಕ್ಕೂ ಪೊರ್ಬುಗಳು ಪ್ಯಾಡ್ ಹಾಕಿ ಕೊಟ್ಟರು. ಸೈಕಲ್ ಟ್ಯೂಬಿನದ್ದು ಮಾತ್ರ ಬದಲಾಯಿಸಲಿಲ್ಲ. "ಅದು ಸರಿ ಉಂಟು, ಯಾಕೆ ತೆಗೀಬೇಕು?"

62ರ ಮೇಲೆ ನನ್ನದು ಒಂದೇ ದೂರು, ಅದರ ಹಳೇ ಪೆಟ್ಟಿಗೆ. ದಾದರ್‌ನಲ್ಲಿ ಗಾಡಿ ಬದಲಾಯಿಸುವಾಗ ಹಿಡಿಕೆ ಕಿತ್ತು ಕೈಗೆ ಬಂತು. ಪುಣ್ಯಕ್ಕೆ ಪೆಟ್ಟಿಗೆ ಬಿದ್ದದ್ದು ಒಬ್ಬ ಹೂವಿನವಳ ಮೂಟೆಯ ಮೇಲೆ. ಬೈದಳು, ಆದರೆ ಅವಳೇ ಮೂಟೆಯ ಹಗ್ಗ ಕತ್ತರಿಸಿ ಕಟ್ಟಿಯೂ ಕೊಟ್ಟಳು. ಬೆನ್ನಿಗೆ ಹಾಕುವ ಹೊಸ ಪೆಟ್ಟಿಗೆ ತಗೊಳ್ಳಬೇಕು. ಬರುವ ಶನಿವಾರ ಬೈಕಲಾಕ್ಕೆ ಹೋಗಲಿಕ್ಕಿದೆ, ಕೀಗಳಿಗೆ ಎಣ್ಣೆ ಹಾಕಿಸಲಿಕ್ಕೆ. ಊರಿಂದ ಹಲಸಿನ ಹಪ್ಪಳ ಬಂದರೆ ಒಂದು ಕಟ್ಟು ತಾ ಅಂತ ಪೊರ್ಬುಗಳು ಹೇಳಿದ್ದಾರೆ. ಬಂದಿದೆ.